ಮನೆಗೆ ಕಾರು, ಕಾರಿಗೆ ಗೇರು

ಬಂಡಿಗೆ ಎತ್ತು ಹೇಗೋ ಕಾರಿಗೆ ಎಂಜಿನ್ ಹಾಗೆ ಎನ್ನುವುದುಂಟು. ಆದರೆ ಇವೆರಡರಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಎತ್ತು ನಿಂತಲ್ಲಿಂದಲೇ ಮೈಯ ಬಲವನ್ನೆಲ್ಲ ಹಾಕಿ ಬಂಡಿಯನ್ನು ಎಳೆಯಬಲ್ಲುದು. ಎಂಜಿನ್ನಿಗೆ ಇದು ಸಾಧ್ಯವಿಲ್ಲ. ಅದು ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿದ್ದರೆ ಮಾತ್ರ ಬಲ ಕೊಡುತ್ತದೆ; ತೀರ ನಿಧಾನವಾದರೆ ನಿಂತೇ ಹೋಗುತ್ತದೆ. ತಿರುಗುತ್ತಿರುವ ಎಂಜಿನ್ನನ್ನು ನಿಂತಿರುವ ಗಾಲಿಗೆ ಹೊಂದಿಸುವ ಕೆಲಸವನ್ನು ಕ್ಲಚ್ಚು ಮತ್ತು ಗೇರುಗಳು ಮಾಡುತ್ತವೆ.

ಹತ್ತಿ, ಮೆಣಸಿನಕಾಯಿ ಬೆಳೆದ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಸೇರಿಸಿ ಒಂದು ಕುಟುಂಬವು ಚಿಕ್ಕ ಎಸ್.ಯು.ವಿ. ಕಾರನ್ನು ಕೊಳ್ಳುವಾಗ ಬಣ್ಣ, ಬೆಲೆ, ಮೈಲೇಜುಗಳನ್ನು ವಿಚಾರಿಸುವುದು ಸಹಜ. ಗೇರನ್ನು ಕುರಿತು ಕೇಳುವವರು ಕಡಿಮೆ. ಆದರೆ ಮುಂದಿನ ಹತ್ತು ವರ್ಷ ದಿನವೂ ಕೈಕಾಲಿಗೆ ಕೆಲಸ ಕೊಡುವುದು ಅಥವಾ ತಪ್ಪಿಸುವುದು ಈ ಗೇರೇ. ಆದುದರಿಂದ ಇದರ ತತ್ತ್ವವನ್ನೂ ವಿಧಗಳನ್ನೂ ನಾವು ಇಲ್ಲಿ ತಿಳಿಯೋಣ.

ಗೇರಿನ ಲೆಕ್ಕ

ಮೊದಲು ನಮ್ಮ ಸೈಕಲ್ಲನ್ನೇ ನೋಡೋಣ. ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು, ಹಿಂದಿನ ಚಿಕ್ಕ ಚಕ್ರಕ್ಕೆ 22 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿ ಎರಡು ಸುತ್ತು ತಿರುಗುತ್ತದೆ. ಸುತ್ತು ಇಮ್ಮಡಿಯಾಯಿತು, ತಿರುಗಿಸುವ ಬಲ ಅರ್ಧವಾಯಿತು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು ಎಂಬುದೇ ಗೇರಿನ ನಿಯಮ.

ಕಾರಿನಲ್ಲಿ ಇದು ತಿರುವುಮುರುವು. ಒಂದು ಕಾರಿನ ಮೊದಲನೆಯ ಗೇರಿನಲ್ಲಿ ಎಂಜಿನ್ 16 ಸುತ್ತು ತಿರುಗಿದಾಗ ಗಾಲಿ 1 ಸುತ್ತು, ಐದನೆಯ ಗೇರಿನಲ್ಲಿ 3.2 ಸುತ್ತಿಗೆ 1 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಗಾಲಿಯ ಸುತ್ತಳತೆ 2 ಮೀಟರ್ ಇರಲಿ. ಎಂಜಿನ್ ನಿಮಿಷಕ್ಕೆ 1,600 ಸುತ್ತು ತಿರುಗಿದರೆ, ಮೊದಲನೆಯ ಗೇರಿನಲ್ಲಿ ಗಾಲಿ 100 ಸುತ್ತು ತಿರುಗಿ ಕಾರು ನಿಮಿಷಕ್ಕೆ 200 ಮೀಟರ್, ಅಂದರೆ ಗಂಟೆಗೆ 12 ಕಿಲೋಮೀಟರ್ ಹೋಗುತ್ತದೆ. ಐದನೆಯ ಗೇರಿನಲ್ಲಿ ಗಾಲಿ 500 ಸುತ್ತು ತಿರುಗಿ ವೇಗ ಗಂಟೆಗೆ 60 ಕಿಲೋಮೀಟರ್ ಆಗುತ್ತದೆ. ವೇಗ ಐದು ಪಟ್ಟು ಹೆಚ್ಚಿತು. ಎಳೆಯುವ ಬಲ ಐದರಲ್ಲಿ ಒಂದು ಭಾಗವಾಯಿತು. ಏರು ಹತ್ತುವಾಗ, ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಹೊರಟಾಗ ಕೆಳಗಿನ ಗೇರು ಏಕೆ ಬೇಕೆಂಬುದಕ್ಕೆ ಇದೇ ಕಾರಣ.

ಗೇರಿನ ವಿಧಗಳು

ಗೇರನ್ನು ಬದಲಿಸುವವರು ಯಾರು, ಕ್ಲಚ್ಚನ್ನು ಒತ್ತುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಎಲ್ಲ ವಿಧಗಳೂ ಅರ್ಥವಾಗುತ್ತವೆ.

1. ಮ್ಯಾನುಯಲ್: ಎರಡನ್ನೂ ಚಾಲಕರೇ ಮಾಡುತ್ತಾರೆ. ಬೆಲೆ ಕಡಿಮೆ. ಸಾಮಾನ್ಯ ಮೆಕ್ಯಾನಿಕ್‌ಗೂ ಇದರ ಪರಿಚಯವುಂಟು.

2. ಐ.ಎಂ.ಟಿ.: ಗೇರನ್ನು ಚಾಲಕರು ಬದಲಿಸುತ್ತಾರೆ, ಕ್ಲಚ್ಚನ್ನು ಯಂತ್ರ ಒತ್ತುತ್ತದೆ. ಕಾಲಿನ ಬಳಿ ಕ್ಲಚ್ ಪೆಡಲೇ ಇರುವುದಿಲ್ಲ.

3. ಎ.ಎಂ.ಟಿ.: ಒಳಗಿರುವುದು ಮ್ಯಾನುಯಲ್ ಗೇರೇ, ಆದರೆ ಎರಡು ಕೆಲಸಗಳನ್ನೂ ಯಂತ್ರವೇ ಮಾಡುತ್ತದೆ. ಸ್ವಯಂಚಾಲಿತ ಗೇರುಗಳಲ್ಲಿ ಇದು ಅಗ್ಗ. ಗೇರು ಬದಲಾಗುವಾಗ ಕಾರು ಕ್ಷಣಕಾಲ ತಡೆದಂತಾಗುವುದು ಇದರ ಕೊರತೆ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೊ ಕಾರಿನೊಡನೆ ಇದು ಜನಸಾಮಾನ್ಯರ ಕೈಗೆ ಬಂದಿತು.

4. ಟಾರ್ಕ್ ಕನ್ವರ್ಟರ್: ಇಲ್ಲಿ ಕ್ಲಚ್ಚಿನ ಬದಲು ಎಣ್ಣೆಯುಂಟು. ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವಂತೆ, ಇಲ್ಲಿ ಎಣ್ಣೆಯ ರಭಸಕ್ಕೆ ಇನ್ನೊಂದು ಬದಿ ತಿರುಗುತ್ತದೆ. ನಡಿಗೆ ಮೃದು.

5. ಸಿ.ವಿ.ಟಿ.: ಹಲ್ಲಿನ ಚಕ್ರಗಳ ಬದಲು ಎರಡು ರಾಟೆಗಳ ನಡುವೆ ಪಟ್ಟಿ ಓಡುತ್ತದೆ. ರಾಟೆಗಳ ಅಗಲ ಹೆಚ್ಚುಕಡಿಮೆಯಾದಂತೆ ವೇಗ ಎಲ್ಲಿಯೂ ಕಡಿಯದೆ ಬದಲಾಗುತ್ತದೆ.

6. ಡಿ.ಸಿ.ಟಿ.: ಇದಕ್ಕೆ ಎರಡು ಕ್ಲಚ್ಚು. ಒಂದು 1, 3, 5ನೆಯ ಗೇರುಗಳಿಗೆ, ಇನ್ನೊಂದು 2, 4, 6ನೆಯ ಗೇರುಗಳಿಗೆ. ಮುಂದಿನ ಗೇರು ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆ ಬಹು ಶೀಘ್ರ. ಒಣ ಕ್ಲಚ್ಚಿನ ಡಿ.ಸಿ.ಟಿ. ಜನಸಂದಣಿಯಲ್ಲಿ ತೆವಳಿದಾಗ ಬೇಗ ಬಿಸಿಯೇರುತ್ತದೆ.

ಇವುಗಳಲ್ಲಿ ನಾಲ್ಕು ವಿಧಗಳು ಒಂದೇ ಕಾರಿನಲ್ಲಿ ದೊರೆತ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಪೆನುಗೊಂಡದ ಬಳಿಯ ಕಿಯಾ ಕಾರ್ಖಾನೆಯಲ್ಲಿ 2019ರಲ್ಲಿ ಉತ್ಪಾದನೆ ಆರಂಭವಾಯಿತು. ಅಲ್ಲಿ ತಯಾರಾದ ಸಾನೆಟ್ ಎಂಬ 4 ಮೀಟರಿಗಿಂತ ತುಸು ಕಡಿಮೆ ಉದ್ದದ ಕಾರು 2020ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದಾಗ ಮ್ಯಾನುಯಲ್, 6 ಗೇರಿನ ಐ.ಎಂ.ಟಿ., 7 ಗೇರಿನ ಡಿ.ಸಿ.ಟಿ. ಮತ್ತು ಡೀಸೆಲ್ ಎಂಜಿನ್ನಿಗೆ 6 ಗೇರಿನ ಟಾರ್ಕ್ ಕನ್ವರ್ಟರ್ ಇದ್ದವು. ಒಂದೇ ಕಾರಿಗೆ ಇಷ್ಟು ಬಗೆ ಏಕೆ? ಕೊಳ್ಳುವವರ ದಾರಿಗಳು ಬೇರೆ ಬೇರೆ ಆಗಿರುವುದರಿಂದ.

ನಮ್ಮ ದಾರಿಗೆ ಯಾವುದು?

ಹೊಳಗುಂದದ ಕುಟುಂಬವು ಕಾರಿನಲ್ಲಿ ಎಲ್ಲಿಗೆ ಹೋಗುತ್ತದೆ? ಹೊಲಕ್ಕೆ, ಆದವಾನಿಯ ಮಾರುಕಟ್ಟೆಗೆ, ಸಿರುಗುಪ್ಪಕ್ಕೆ, ಬಳ್ಳಾರಿಯ ಆಸ್ಪತ್ರೆಗೆ, ಮಂತ್ರಾಲಯಕ್ಕೆ, ವರ್ಷಕ್ಕೊಮ್ಮೆ ಶ್ರೀಶೈಲಕ್ಕೆ. ಬಯಲುಸೀಮೆಯ ತೆರೆದ ರಸ್ತೆಯಲ್ಲಿ ಗೇರು ಬದಲಿಸುವ ಕೆಲಸ ಕಡಿಮೆ. ಅಲ್ಲಿ ಮ್ಯಾನುಯಲ್ ಸಾಕು. ಆದವಾನಿಯ ಕಿಕ್ಕಿರಿದ ಬೀದಿಗಳಲ್ಲಿ, ದಸರೆಯ ಬನ್ನಿ ಉತ್ಸವಕ್ಕೆ ದೇವರಗಟ್ಟಿಗೆ ಹೋಗುವ ಜನಸಂದಣಿಯಲ್ಲಿ ಕ್ಲಚ್ಚು ಒತ್ತಿ ಒತ್ತಿ ಎಡಗಾಲು ಸೋಲುತ್ತದೆ. ಅಲ್ಲಿ ಸ್ವಯಂಚಾಲಿತ ಗೇರು ಸುಖ. ಶ್ರೀಶೈಲದ ಘಾಟಿಯನ್ನು ಇಳಿಯುವಾಗ ಯಾವ ಗೇರೇ ಇರಲಿ, ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ನಿಧಾನವಾಗಿ ಇಳಿಯಬೇಕು. ಬ್ರೇಕನ್ನೇ ಒತ್ತುತ್ತಿದ್ದರೆ ಅದು ಕಾದು ಹಿಡಿತ ತಪ್ಪುತ್ತದೆ.

ಇನ್ನೊಂದು ವಿಷಯ. ಬ್ಯಾಟರಿ ಇಳಿದರೆ ಮ್ಯಾನುಯಲ್ ಕಾರನ್ನು ನಾಲ್ವರು ತಳ್ಳಿ ಚಾಲೂ ಮಾಡಬಹುದು. ಟಾರ್ಕ್ ಕನ್ವರ್ಟರ್, ಸಿ.ವಿ.ಟಿ.ಗಳಿಗೆ ಆ ಉಪಾಯ ನಡೆಯದು. ಆದುದರಿಂದ ಸರ್ವಿಸ್ ಕೇಂದ್ರ ಎಷ್ಟು ದೂರ, ಆ ಬಗೆಯ ಗೇರನ್ನು ಬಿಚ್ಚಿ ರಿಪೇರಿ ಮಾಡುವವರು ಅಲ್ಲಿದ್ದಾರೆಯೇ ಎಂಬುದನ್ನು ಮೊದಲೇ ಕೇಳಬೇಕು.

ಹಣದ ಲೆಕ್ಕವನ್ನೂ ಮಾಡೋಣ. ಸ್ವಯಂಚಾಲಿತ ಗೇರಿಗೆ 60,000 ರೂಪಾಯಿ ಹೆಚ್ಚೆಂದು ಇಟ್ಟುಕೊಂಡರೆ, 5 ವರ್ಷದ 60 ಕಂತುಗಳಲ್ಲಿ ಬಡ್ಡಿಯನ್ನು ಬಿಟ್ಟೇ ತಿಂಗಳಿಗೆ 1,000 ರೂಪಾಯಿ. ಆ ಹಣ ಮಕ್ಕಳ ಓದಿಗೆ ಬೇಕಾದ ಮನೆಯಲ್ಲಿ ಮ್ಯಾನುಯಲ್ಲೇ ಜಾಣತನ. ಆದರೆ ತಂದೆಗೆ ಮೊಣಕಾಲು ನೋವಿದ್ದು, ಕ್ಲಚ್ಚಿಗೆ ಹೆದರಿ ತಾಯಿಯೂ ಕಾರು ಕಲಿಯದೆ ಉಳಿದಿದ್ದರೆ, ರಾತ್ರಿ ವೇಳೆ ಆಸ್ಪತ್ರೆಗೆ ಹೋಗಬೇಕಾದಾಗ ಆ ಸಾವಿರವೇ ಸಾರ್ಥಕವಾಗುತ್ತದೆ. ನೆರೆಮನೆಯವರು ಕೊಂಡದ್ದನ್ನು ನೋಡಿ ಅಲ್ಲ, ನಮ್ಮ ದಾರಿಯನ್ನೂ ನಮ್ಮ ಮನೆಯವರನ್ನೂ ನೋಡಿ ಆರಿಸಬೇಕು. ಕೊಳ್ಳುವ ಮುನ್ನ ಮನೆಮಂದಿಯೆಲ್ಲ ಕುಳಿತು, ಒಂದು ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಹೊರಡುವುದೇ ಎಂದು ಓಡಿಸಿ ನೋಡುವುದು ಒಳ್ಳೆಯದು.

ವಿದ್ಯಾರ್ಥಿ ಮಿತ್ರರೇ, ಗೇರು ಸುಲಭವಾದರೆ ಚಾಲನೆಯೇ ಸುಲಭವಾಯಿತೆಂದು ತಿಳಿಯಬಾರದು. ಕ್ಲಚ್ಚಿಲ್ಲದ ಕಾರಿನಲ್ಲೂ ರಸ್ತೆಯನ್ನು ನೋಡುವ ಕಣ್ಣು ಚಾಲಕರದೇ. 18 ವರ್ಷ ತುಂಬದವರು ಕಾರು ಓಡಿಸಿ ತಪ್ಪೆಸಗಿದರೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಂತೆ ಪಾಲಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಸೆರೆವಾಸವಾಗಬಹುದು. ಅಲ್ಲಿಯವರೆಗೆ ನಾವು ಸೈಕಲ್ಲಿನ ಹಲ್ಲುಗಳನ್ನು ಎಣಿಸಿ ಲೆಕ್ಕ ಹಾಕೋಣ. ಮನೆಯಲ್ಲಿ ಕಾರಿನ ಮಾತು ಬಂದಾಗ ಈ ಲೆಕ್ಕವನ್ನು ಹಿರಿಯರಿಗೂ ತಿಳಿಸೋಣ.