ಮುಕ್ತ ವ್ಯಾಪಾರ ಒಪ್ಪಂದ ಮತ್ತು ಉನ್ನತ ಶಿಕ್ಷಣ: ಭಾರತ–ಆಸ್ಟ್ರೇಲಿಯಾ ನಿದರ್ಶನ

ಮುಕ್ತ ವ್ಯಾಪಾರ ಒಪ್ಪಂದವೆಂದೊಡನೆ ವರ್ತಕರ ಗಮನವು ಸುಂಕದ ದರದತ್ತ ಹರಿಯುವುದು ಸಹಜ. ಆದರೆ 1995ರಲ್ಲಿ ಜಾರಿಗೆ ಬಂದ ಸೇವಾ ವ್ಯಾಪಾರದ ಸಾಮಾನ್ಯ ಒಪ್ಪಂದವು (ಗ್ಯಾಟ್ಸ್) ಶಿಕ್ಷಣವನ್ನೂ ಸೇವೆಯೆಂದೇ ಪರಿಗಣಿಸಿದೆ. ದೂರಶಿಕ್ಷಣ, ವಿದ್ಯಾರ್ಥಿಯ ವಿದೇಶ ವ್ಯಾಸಂಗ, ವಿದೇಶಿ ವಿಶ್ವವಿದ್ಯಾಲಯದ ಶಾಖೆ ಹಾಗೂ ಅಧ್ಯಾಪಕರ ತಾತ್ಕಾಲಿಕ ಸಂಚಾರ, ಈ ನಾಲ್ಕು ಬಗೆಗಳಲ್ಲಿ ಅದು ಗಡಿ ದಾಟುತ್ತದೆ.

ಭಾರತ–ಆಸ್ಟ್ರೇಲಿಯಾ ಆರ್ಥಿಕ ಸಹಕಾರ ಮತ್ತು ವ್ಯಾಪಾರ ಒಪ್ಪಂದಕ್ಕೆ 2022ರ ಏಪ್ರಿಲ್ 2ರಂದು ಸಹಿಯಾಯಿತು. ಅದೇ ವರ್ಷದ ಡಿಸೆಂಬರ್ 29ರಂದು ಅದು ಜಾರಿಗೆ ಬಂದಿತು. ಭಾರತೀಯ ವಿದ್ಯಾರ್ಥಿಗಳು ವ್ಯಾಸಂಗಾನಂತರ ಅಲ್ಲಿ ನೆಲೆಸಿ ದುಡಿಯಬಹುದಾದ ಅವಧಿಯ ಬಗೆಗೂ ಆಗ ಭರವಸೆ ದೊರೆಯಿತು.

ಈ ಭರವಸೆಯ ಬೆಲೆ ತಿಳಿದದ್ದು 2024ರ ಜುಲೈನಲ್ಲಿ. ಆಸ್ಟ್ರೇಲಿಯಾ ಆಗ ತನ್ನ ನಿಯಮಗಳನ್ನು ಬಿಗಿಗೊಳಿಸಿ, ಪಾಠಕ್ರಮಾಧಾರಿತ ಸ್ನಾತಕೋತ್ತರ ಪದವೀಧರರ ಅವಧಿಯನ್ನು ಸಾಮಾನ್ಯವಾಗಿ ಎರಡು ವರ್ಷಗಳಿಗೆ ಮಿತಗೊಳಿಸಿತು. ಭಾರತೀಯರಿಗೆ ಮಾತ್ರ ಗರಿಷ್ಠ ಮೂರು ವರ್ಷಗಳು ಹಾಗೆಯೇ ಉಳಿದವು. ಆದರೆ ಅದೇ ತಿಂಗಳು ವಿದ್ಯಾರ್ಥಿ ವೀಸಾ ಶುಲ್ಕವು 710 ಡಾಲರ್‌ಗಳಿಂದ 1,600 ಆಸ್ಟ್ರೇಲಿಯನ್ ಡಾಲರ್‌ಗಳಿಗೆ ಏರಿದಾಗ ಭಾರತೀಯರಿಗೆ ವಿನಾಯಿತಿ ದೊರೆಯಲಿಲ್ಲ. ಸುಂಕದಲ್ಲಿ ಬದ್ಧ ದರಕ್ಕೂ ಚಾಲ್ತಿಯ ದರಕ್ಕೂ ಇರುವ ವ್ಯತ್ಯಾಸವನ್ನು ಬಲ್ಲ ವರ್ತಕರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು: ಬರಹದಲ್ಲಿ ಬದ್ಧವಾದುದು ಉಳಿಯಿತು, ಉಳಿದುದು ಬದಲಾಯಿತು.

ಪದವಿಗಳ ಪರಸ್ಪರ ಮಾನ್ಯತೆಯ ವ್ಯವಸ್ಥೆಗೆ 2023ರ ಮಾರ್ಚ್ 2ರಂದು ಪ್ರತ್ಯೇಕವಾಗಿ ಸಹಿಯಾಯಿತು. ಇಲ್ಲಿನ ಪದವಿಯ ಆಧಾರದ ಮೇಲೆ ಅಲ್ಲಿ ಮುಂದಿನ ವ್ಯಾಸಂಗಕ್ಕೆ ಇದರಿಂದ ಹಾದಿ ಸುಗಮವಾಯಿತು. ಆದರೆ ಎಂಜಿನಿಯರ್, ವೈದ್ಯ, ವಕೀಲರ ವೃತ್ತಿ ನೋಂದಣಿಯು ಇದರ ವ್ಯಾಪ್ತಿಗೆ ಸೇರಿಲ್ಲ. ಹಾಗೆಯೇ, 2024ರಲ್ಲಿ ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಆರಂಭವಾದ ಡೀಕಿನ್ ಮತ್ತು ವೊಲಾಂಗಾಂಗ್ ವಿಶ್ವವಿದ್ಯಾಲಯಗಳ ಶಾಖೆಗಳಿಗೆ ಅನುಮತಿ ದೊರೆತದ್ದು ವ್ಯಾಪಾರ ಒಪ್ಪಂದದಡಿಯಲ್ಲಲ್ಲ, ಭಾರತದ್ದೇ ಆದ 2022ರ ನಿಯಮಗಳಡಿಯಲ್ಲಿ. ಒಪ್ಪಂದವು ಸ್ನೇಹದ ವಾತಾವರಣವನ್ನು ಕಲ್ಪಿಸುತ್ತದೆ; ಬಾಗಿಲು ತೆರೆಯುವುದು ಆಯಾ ದೇಶದ ಕಾನೂನು.

ಮಕ್ಕಳ ವಿದೇಶ ವ್ಯಾಸಂಗಕ್ಕೆ ಉದ್ದಿಮೆಯ ಬಂಡವಾಳವನ್ನು ತೊಡಗಿಸುವ ಅಥವಾ ಸ್ವತ್ತನ್ನು ಅಡಮಾನವಿಟ್ಟು ಸಾಲ ಪಡೆಯುವ ಸದಸ್ಯರು ಮೂರು ಅಂಶಗಳನ್ನು ಪರಿಶೀಲಿಸುವುದು ಒಳಿತು. ಉದ್ಯೋಗದ ಅವಧಿಯು ಒಪ್ಪಂದದಲ್ಲಿ ಬದ್ಧವಾಗಿದೆಯೇ? ಆ ಪದವಿಗೆ ವೃತ್ತಿ ನೋಂದಣಿ ಪ್ರತ್ಯೇಕವಾಗಿ ಬೇಕೇ? ಆ ಅವಧಿಯ ಗಳಿಕೆಯಿಂದಲೇ ಸಾಲ ತೀರುವುದೇ? ಮೂರನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದಲ್ಲಿ, ಉಳಿದ ಸಾಲದ ಹೊರೆ ಅಂತಿಮವಾಗಿ ಅಂಗಡಿಯ ಲೆಕ್ಕಕ್ಕೇ ಬೀಳುತ್ತದೆ.