ಭೂಪಟದ ತಂತ್ರಾಂಶ: ವಿದ್ಯಾರ್ಥಿಗಳ ಪಾಲು

ನೆರೆ ಬಂದರೆ ಯಾವ ಬಡಾವಣೆ ಮುಳುಗೀತು, ಹೊಸ ಆಸ್ಪತ್ರೆ ಯಾವ ಊರಿಗೆ ಹತ್ತಿರವಾದೀತು ಎಂಬುದನ್ನು ಗಣಕಯಂತ್ರದ ಭೂಪಟದಲ್ಲಿ ತೋರಿಸುವುದು ಭೌಗೋಳಿಕ ಮಾಹಿತಿ ತಂತ್ರಾಂಶದ ಕೆಲಸ. 1982ರಲ್ಲಿ ಅಮೆರಿಕದ ಸೇನಾ ಸಂಶೋಧನಾಲಯದಲ್ಲಿ ಆರಂಭವಾದ ‘ಗ್ರಾಸ್’, 2002ರಲ್ಲಿ ಆರಂಭವಾದ ‘ಕ್ಯೂಜಿಐಎಸ್’ ಇಂದು ಮುಕ್ತ ತಂತ್ರಾಂಶಗಳು. ಇವುಗಳ ಮೂಲ ಕ್ರಮವಿಧಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಮುಕ್ತ ತಂತ್ರಾಂಶಕ್ಕಾಗಿ ದುಡಿಯುವ ವಿದ್ಯಾರ್ಥಿಗಳಿಗೆ ಧನಸಹಾಯ ನೀಡಲು ಗೂಗಲ್ ಸಂಸ್ಥೆಯು 2005ರಲ್ಲಿ ‘ಸಮ್ಮರ್ ಆಫ್ ಕೋಡ್’ ಯೋಜನೆಯನ್ನು ಆರಂಭಿಸಿತು. 2006ರಲ್ಲಿ ಸ್ಥಾಪನೆಯಾದ ‘ಓಎಸ್‌ಜಿಯೋ’ ಪ್ರತಿಷ್ಠಾನವು ಮರುವರ್ಷವೇ ಇದರಲ್ಲಿ ಸೇರಿತು. 2022ರಿಂದ ವಿದ್ಯಾರ್ಥಿಗಳಲ್ಲದ, 18 ವರ್ಷ ತುಂಬಿದ ಹೊಸಬರಿಗೂ ಅವಕಾಶವಿದೆ.

ಅಭ್ಯರ್ಥಿಯು ಮೊದಲು ತಾನು ಮಾಡಲಿರುವ ಕೆಲಸದ ಪ್ರಸ್ತಾವವನ್ನು ಸಲ್ಲಿಸಬೇಕು. ಆಯ್ಕೆಯಾದ ಮೇಲೆ ಅನುಭವಿ ಮಾರ್ಗದರ್ಶಕರು ಬರೆದುದನ್ನು ಪರಿಶೀಲಿಸಿ ತಿದ್ದಿಸುತ್ತಾರೆ. ಈ ಕಟ್ಟುನಿಟ್ಟಿಗೆ ಕಾರಣವಿದೆ. ಮುಂಬಯಿ ನಗರವು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶ, 73 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಈ ಎರಡು ಅಂಕಿಗಳು ಅದಲುಬದಲಾದರೆ ಭೂಪಟದಲ್ಲಿ ಮುಂಬಯಿಯು ನಾರ್ವೆಯ ಉತ್ತರದ ಕಡಲಿನಲ್ಲಿ ಕಾಣಿಸುತ್ತದೆ! ಆದ್ದರಿಂದ ಕ್ರಮವಿಧಿಯನ್ನು ಬರೆದಷ್ಟೇ ಶ್ರದ್ಧೆಯಿಂದ, ಉತ್ತರ ಗೊತ್ತಿರುವ ಮಾಹಿತಿಯನ್ನು ಕೊಟ್ಟು ಅದನ್ನು ಪರೀಕ್ಷಿಸಬೇಕು. ಬಳಸುವವರಿಗೆ ವಿವರಣೆಯನ್ನೂ ಬರೆದಿಡಬೇಕು.

ಹೀಗೆ ಸಿದ್ಧವಾದ ಭಾಗವು ಮೂಲ ತಂತ್ರಾಂಶದಲ್ಲಿ ಸೇರ್ಪಡೆಯಾದಾಗಲೇ ಶ್ರಮ ಸಾರ್ಥಕ. ಸೇರದಿದ್ದರೆ, ಧನಸಹಾಯ ದೊರೆತಿದ್ದರೂ, ಬರೆದದ್ದು ಮೂಲೆಗುಂಪಾಗಬಹುದು. ಸೇರಿದರೆ, ಒಬ್ಬ ವಿದ್ಯಾರ್ಥಿಯ ಕೆಲವೇ ತಿಂಗಳ ದುಡಿಮೆಯು ದುಬಾರಿ ತಂತ್ರಾಂಶವನ್ನು ಕೊಳ್ಳಲಾರದ ಶಾಲೆಗೂ ಪಂಚಾಯಿತಿಗೂ ಉಪಯೋಗಕ್ಕೆ ಬರುತ್ತದೆ. 2021ರಲ್ಲಿ ಭಾರತ ಸರ್ಕಾರವು ಭೂಪಟ ಹಾಗೂ ಭೂಮಾಹಿತಿಯ ನಿಯಮಗಳನ್ನು ಸಡಿಲಗೊಳಿಸಿರುವುದರಿಂದ, ಈ ವಿದ್ಯೆಯನ್ನು ಕಲಿತ ನಮ್ಮ ಯುವಜನರಿಗೆ ಸ್ವದೇಶದಲ್ಲಿಯೂ ಕೆಲಸದ ಕ್ಷೇತ್ರ ವಿಸ್ತಾರಗೊಂಡಿದೆ.