ಇಸ್ಪೀಟಿನ ಕಟ್ಟಿನಲ್ಲಿ ಎರಡು ಲೆಕ್ಕ

ಇಸ್ಪೀಟಿನ ಹೆಸರೆತ್ತಿದರೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಸಂಭವನೀಯತೆಯ ಗಣಿತಕ್ಕೆ ಮೊದಮೊದಲು ಕೈಹಾಕಿದವರಲ್ಲಿ ಒಬ್ಬನಾದ ಇಟಲಿಯ ಕಾರ್ಡಾನೋ ಸ್ವತಃ ಜೂಜುಗಾರ. ಆತ ತೀರಿಕೊಂಡದ್ದು 1576ರಲ್ಲಿ. ಈ ವಿಷಯದ ಅವನ ಗ್ರಂಥ ಅಚ್ಚಾದದ್ದು 1663ರಲ್ಲಿ.

ಕಟ್ಟಿನಲ್ಲಿ ಎಲೆ 52, ಎಕ್ಕ 4. ಚೆನ್ನಾಗಿ ಕಲಸಿ ಒಂದೆಲೆ ಎಳೆದರೆ ಅದು ಎಕ್ಕವಾಗುವ ಸಂಭವನೀಯತೆ 4/52, ಎಂದರೆ 1/13. ಇಲ್ಲಿ ಎಕ್ಕಗಳನ್ನು ಇಡೀ ಕಟ್ಟಿನೊಡನೆ ಹೋಲಿಸಿದ್ದಾಯಿತು. ಪಣ ಕಟ್ಟುವವರ ಲೆಕ್ಕ ಬೇರೆ. ಅವರು ಬೇಡದ 48 ಎಲೆಗಳನ್ನು ಬೇಕಾದ 4ರೊಡನೆ ಹೋಲಿಸಿ ‘12ಕ್ಕೆ 1’ ಎನ್ನುತ್ತಾರೆ. ಇದನ್ನು ಪ್ರತಿಕೂಲ ಪ್ರಮಾಣವೆನ್ನೋಣ. ಇದನ್ನೇ 1/12 ಎಂದು ಬರೆದುಕೊಳ್ಳುವವರುಂಟು. ಅವರ ಕಟ್ಟಿನಲ್ಲಿ 48 ಎಲೆಗಳೇ ಇರಬೇಕು!

ಜಾತ್ರೆಯಲ್ಲಿ ಒಬ್ಬನು, ‘ಎಕ್ಕ ಬಂದರೆ ನಿಮ್ಮ ರೂಪಾಯಿಯ ಜೊತೆಗೆ ಇನ್ನೂ ಹತ್ತು’ ಎಂದು ಕೂಗುತ್ತಾನೆನ್ನಿ. ಎಳೆದ ಎಲೆಯನ್ನು ಪ್ರತಿಸಲವೂ ಮರಳಿ ಕಲಸಿದರೆ, 13 ಆಟಕ್ಕೆ ಸರಾಸರಿ 12 ರೂಪಾಯಿ ಹೋಗಿ 10 ಬರುತ್ತದೆ. ಕೂಲಿಯ ದುಡ್ಡು ಕರಗುವುದು ಹೀಗೆ, ಕೈಚಳಕವೇ ಬೇಕಿಲ್ಲ.

ಎರಡೆಲೆಯ ಆಟ ಇನ್ನೂ ಸೂಕ್ಷ್ಮ. ಮೊದಲ ಎಕ್ಕವನ್ನು ಹೊರಗೇ ಇಟ್ಟರೆ ಉಳಿದ 51ರಲ್ಲಿ ಎಕ್ಕ 3. ಸಂಭವನೀಯತೆ 1/17, ಪ್ರತಿಕೂಲ ಪ್ರಮಾಣ 16ಕ್ಕೆ 1. ಎರಡೂ ಎಕ್ಕವಾಗುವ ಸಂಭವನೀಯತೆ 1/13 × 1/17, ಎಂದರೆ 1/221; ಪ್ರಮಾಣ 220ಕ್ಕೆ 1. ಪ್ರಮಾಣಗಳನ್ನೇ ಗುಣಿಸಿದರೆ 192 ಬರುತ್ತದೆ, ಅದು ತಪ್ಪು. ಗುಣಾಕಾರ ಸಲ್ಲುವುದು ಸಂಭವನೀಯತೆಗೆ. ಪ್ರಮಾಣಕ್ಕೆ ತಿರುಗಿಸುವುದು ಕೊನೆಗೆ. ಜೋಡಿ ಎಕ್ಕಕ್ಕೆ ಇನ್ನೂರು ಕೊಡುವೆನೆಂಬ ಮಾತು 192 ಎಂದು ನಂಬಿದವನಿಗೆ ಲಾಭವಾಗಿಯೇ ಕಾಣುತ್ತದೆ. ರೂಪಾಯಿಯಂತೆ ಆಡಿದರೆ 221 ಆಟಕ್ಕೆ ಸರಾಸರಿ 20 ರೂಪಾಯಿ ಕಳೆದುಕೊಳ್ಳುತ್ತಾನೆ.